ಗುಂಡಿ ಒತ್ತುವ ಮುನ್ನ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮ ಕೈಗೆ ಕ್ಯಾಮರಾ ಬಂದಾಗಲೂ ನಿಜವಾಗುತ್ತದೆ. ಜೇಬಿನಲ್ಲಿ ಹಿಡಿಸುವ ಪುಟ್ಟ ಡಿಜಿಟಲ್ ಕ್ಯಾಮರಾ ಸಿಕ್ಕೊಡನೆ ನಾವು ಓಡುವುದು ಹಳೆ ಗೋವೆಯ ಚರ್ಚುಗಳಿಗೆ, ದೂಧಸಾಗರಕ್ಕೆ. ಆ ಚಿತ್ರಗಳನ್ನು ಸಾವಿರಾರು ಪ್ರವಾಸಿಗರು ತೆಗೆದಿದ್ದಾರೆ. ಆದರೆ ಕೆಲಸ ಅರಸಿ ವಿಜಯಪುರ, ಬಾಗಲಕೋಟೆ, ಗದಗಗಳಿಂದ ವಾಸ್ಕೋಗೆ ಬಂದ ನಮ್ಮ ಹಿರಿಯರ ಚಿತ್ರಗಳು ಎಷ್ಟು ಮನೆಗಳಲ್ಲಿವೆ? 2015ರಲ್ಲಿ ಬೈನಾ ಕಡಲತೀರದ ಹಲವು ಮನೆಗಳು ನೆಲಸಮವಾದವು. ಅಲ್ಲಿನ ಹೊಸ್ತಿಲು, ಒಲೆ, ಓಣಿಗಳನ್ನು ಈಗ ಯಾರೂ ತೆಗೆಯಲಾರರು.

ಆದ್ದರಿಂದ ಅಭ್ಯಾಸ ಮನೆಯಿಂದಲೇ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ. ರೊಟ್ಟಿ ಬಡಿಯಲು ಕುಳಿತ ಅಜ್ಜಿಯನ್ನು ಒಂದು ಮಾತು ಕೇಳೋಣ. ಕಿಟಕಿ ನಮ್ಮ ಬೆನ್ನಿಗಿರಲಿ, ಬೆಳಕು ಅವಳ ಮುಖದ ಮೇಲೆ ಬೀಳಲಿ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮರಾ ಫೋಕಸ್ ಹೊಂದಿಸಿಕೊಳ್ಳುತ್ತದೆ. ಆಮೇಲೆ ಕೈ ಅಲುಗಿಸದೆ ಪೂರ್ತಿ ಒತ್ತಬೇಕು. ಡಿಜಿಟಲ್ ಜೂಮ್ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ; ಅದಕ್ಕಿಂತ ಎರಡು ಹೆಜ್ಜೆ ಹತ್ತಿರ ಹೋಗುವುದು ಲೇಸು.

ರೋಲಿನ ಕಾಲದಲ್ಲಿ 36 ಚಿತ್ರಗಳಿಗೆ ರೋಲು ಮುಗಿಯುತ್ತಿತ್ತು. ಒಂದೊಂದನ್ನೂ ಯೋಚಿಸಿ ತೆಗೆಯುತ್ತಿದ್ದರು. ಈಗ ಖರ್ಚಿಲ್ಲವೆಂದು ನೂರು ತೆಗೆದು ಒಂದನ್ನೂ ನೋಡದಿದ್ದರೆ ಏನು ಬಂತು? ಕಾರ್ಡು ಕೆಟ್ಟರೆ ಎಲ್ಲವೂ ಹೋಯಿತು. ತಿಂಗಳಿಗೊಂದು ಚಿತ್ರವನ್ನಾದರೂ ಕಾಗದದ ಮೇಲೆ ತೆಗೆಸಿ, ಹಿಂಬದಿಗೆ ಹೆಸರು, ಊರು, ದಿನಾಂಕ ಬರೆದಿಡೋಣ.

ಪಾಲಕರೇ, ಕ್ಯಾಮರಾ ಕೊಡಿಸಿದರೆ ಸಾಲದು. ಕೆಲಸದ ಬಟ್ಟೆಯಲ್ಲೇ ಆದರೂ ಅದರೆದುರು ಒಂದು ಗಳಿಗೆ ನಿಲ್ಲಿರಿ.