ಗೃಹಸ್ಥರ ಜಿಜ್ಞಾಸೆ: ಬೈಸಿಕಲ್ಲಿನ ನಾಭಿಯಲ್ಲಿ ಮೂರು ವೇಗ

ವಾಚಕ ಮಹಾಶಯರೊಬ್ಬರು ನಮಗೆ ಪತ್ರ ಬರೆದಿರುವರು. ಬಹುಕಾಲದಿಂದ ತಾವು ನಡೆಸುತ್ತಿರುವ ಬೈಸಿಕಲ್ಲಿನ ಮೇಲೆ ಈಗ ದಿಣ್ಣೆ ಹತ್ತುವಾಗ ಮೊಣಕಾಲು ನೋಯುವುದೆಂದೂ, ಮನೆಯವರು ಅದನ್ನು ಮಾರಿಬಿಡಿರೆಂದು ಒತ್ತಾಯಿಸುವರೆಂದೂ, ಹಿಂದಿನ ಗಾಲಿಗೆ ಒಳಗಡೆ ಗಿಯರುಗಳುಳ್ಳ ‘ಹಬ್’ ಹಾಕಿಸಿದರೆ ಪ್ರಯೋಜನವುಂಟೆ ಎಂದೂ ಅವರ ಪ್ರಶ್ನೆ. ಪ್ರಯೋಜನವುಂಟು, ಆದರೆ ಅದರ ಸ್ವರೂಪವನ್ನು ಅರಿತು ಹಾಕಿಸಿದವರಿಗೆ ಮಾತ್ರ.

ಚಕ್ರದ ಬಳೆಗೆ ನೇಮಿ, ಕಡ್ಡಿಗೆ ಅರ, ನಡುವಣ ಗುಂಬಕ್ಕೆ ನಾಭಿ ಎಂದು ಸಂಸ್ಕೃತದಲ್ಲಿ ಹೆಸರು. ಹಬ್ ಎಂಬುದು ಈ ನಾಭಿಯೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 1902ರಲ್ಲಿ ಸ್ಥಾಪಿತವಾದ ಸ್ಟರ್ಮಿ ಆರ್ಚರ್ ಸಂಸ್ಥೆಯವರು ಮೂರು ವೇಗಗಳ ನಾಭಿಯನ್ನು ಪ್ರಸಿದ್ಧಿಗೆ ತಂದರು. ಅವರ ‘ಎ ಡಬ್ಲ್ಯು’ ಎಂಬ ಮಾದರಿ 1936ರಲ್ಲಿ ಹೊರಬಂದಿತು. 2000ದಲ್ಲಿ ಆ ಸಂಸ್ಥೆಯು ತೈವಾನಿನ ಸನ್‌ರೇಸ್ ಕಂಪೆನಿಯ ಕೈಸೇರಿತು.

ಒಳಗಿನ ರಚನೆಯು ಸೌರಮಂಡಲವನ್ನು ಹೋಲುವುದು. ಅಚ್ಚಿಗೆ ಅಲುಗಾಡದಂತೆ ಸೇರಿದ 20 ಹಲ್ಲುಗಳ ಗಾಲಿಗೆ ಸೂರ್ಯನೆಂದು ಹೆಸರು. ಅದರ ಸುತ್ತ ಉರುಳುವ ನಾಲ್ಕು ಸಣ್ಣ ಗಾಲಿಗಳೇ ಗ್ರಹಗಳು. ಇವೆಲ್ಲವನ್ನೂ ಬಳಸಿರುವುದು ಒಳಮುಖವಾಗಿ 60 ಹಲ್ಲುಗಳುಳ್ಳ ಬಳೆ. ಚೈನು ಬಳೆಯನ್ನು ತಿರುಗಿಸಿ ಗ್ರಹಗಳ ಚೌಕಟ್ಟು ಗಾಲಿಯನ್ನೆಳೆದರೆ, ಬಳೆಯ ನಾಲ್ಕು ಸುತ್ತಿಗೆ ಗಾಲಿಯದು ಮೂರು; ಇದು ಏರಿನ ಗಿಯರು. ಚೌಕಟ್ಟನ್ನು ತಿರುಗಿಸಿ ಬಳೆಯಿಂದ ಎಳೆಸಿದರೆ ಮೂರಕ್ಕೆ ನಾಲ್ಕು. ಇದು ಸಮಭೂಮಿಯ ಗಿಯರು. ನಡುವಣದರಲ್ಲಿ ಒಂದಕ್ಕೆ ಒಂದು.

ಇಲ್ಲಿ ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕು. ಗಿಯರು ಬಲವನ್ನು ಸೃಷ್ಟಿಸದು. ದಿಣ್ಣೆಯ ಎತ್ತರ ಅಷ್ಟೇ, ದೇಹದ ಭಾರವೂ ಅಷ್ಟೇ; ಕಾಲಿನ ಒತ್ತಡ ಮುಕ್ಕಾಲಾದರೆ, ಪೆಡಲಿನ ಸುತ್ತುಗಳು ಮೂರರ ಬದಲು ನಾಲ್ಕಾಗುವುವು. ಸಾಲವನ್ನು ಒಂದೇ ಬಾರಿಗೆ ತೀರಿಸುವುದಕ್ಕೂ ಕಂತುಗಳಲ್ಲಿ ತೀರಿಸುವುದಕ್ಕೂ ಇರುವಷ್ಟೇ ಅಂತರ. ವಯಸ್ಸಾದವರ ಮೊಣಕಾಲಿಗೆ ಕಂತೇ ಹಿತ. ನೋವು ಸಮನೆಲದಲ್ಲಿಯೂ ಇದ್ದರೆ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು, ಬೈಸಿಕಲ್ ಅಂಗಡಿಗಲ್ಲ.

ಹಿಂದಿನ ಹಲ್ಲುಗಾಲಿಯ ಆಯ್ಕೆಯೂ ಮುಖ್ಯ. ಮುಂದೆ 48, ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯು ಸುಮಾರು 2.67 ಸುತ್ತು ತಿರುಗುವುದು. ನಾಭಿಯನ್ನು ಬದಲಿಸಿ ಹಿಂದೆ 22 ಹಲ್ಲುಗಳದನ್ನಿಟ್ಟರೆ ಮೂರು ಗಿಯರುಗಳಲ್ಲಿ ಕ್ರಮವಾಗಿ ಸುಮಾರು 1.64, 2.18, 2.91 ಸುತ್ತುಗಳು ಲಭಿಸುವುವು. 18ನ್ನೇ ಉಳಿಸಿಕೊಂಡರೆ ಮೇಲಿನ ಗಿಯರು 3.56ಕ್ಕೇರಿ, ನಿಧಾನವಾಗಿ ಸಾಗುವ ಗೃಹಸ್ಥನಿಗೆ ನಿರುಪಯೋಗಿಯಾಗುವುದು.

ಹಣ ಕೊಡುವ ಮೊದಲು ನಾಲ್ಕು ಪರೀಕ್ಷೆಗಳನ್ನು ಮಾಡಿರಿ. ಮೊದಲನೆಯದಾಗಿ, ನೇಮಿಯ ರಂಧ್ರಗಳನ್ನೆಣಿಸಿರಿ. ನಮ್ಮ ಹಳೆಯ ಬೈಸಿಕಲ್ಲುಗಳ ಹಿಂದಿನ ಗಾಲಿಗೆ ಸಾಮಾನ್ಯವಾಗಿ 40 ಕಡ್ಡಿಗಳು. ನಾಭಿಯಲ್ಲಿ 36 ರಂಧ್ರಗಳಿದ್ದರೆ ನೇಮಿಯೂ ಬದಲಾಗಬೇಕು. ಆಗ ಸರಳಿನ ಬ್ರೇಕಿರುವವರು ಹಳೆಯ ಆಕಾರದ ನೇಮಿಯನ್ನೇ ಕೊಳ್ಳಬೇಕು. ಅನ್ಯಥಾ ಬ್ರೇಕಿನ ರಬ್ಬರು ಸರಿಯಾಗಿ ಕೂರದು. ಎರಡನೆಯದಾಗಿ, ಹೊಸ ನಾಭಿಯ ಅಳತೆಗೆ ತಕ್ಕ ಕಡ್ಡಿಗಳನ್ನು ಹಾಕಿಸಿ, ಗಾಲಿ ಕಟ್ಟುವುದರಲ್ಲಿ ನುರಿತವನಿಂದಲೇ ಕಟ್ಟಿಸಿರಿ. ಮೂರನೆಯದಾಗಿ, ಹಿಂದಿನ ಫೋರ್ಕಿನ ಅಗಲವನ್ನು ಅಳೆಯಿಸಿರಿ; ಅಚ್ಚನ್ನು ಹಿಂದೆ ಸರಿಸಿ ಚೈನನ್ನು ಬಿಗಿಮಾಡಲು ಅದರಲ್ಲಿ ಅವಕಾಶವಿರಬೇಕು. ನಾಲ್ಕನೆಯದು ಪ್ರಾಣಸಮಾನವಾದುದು: ಸೂರ್ಯನು ಅಚ್ಚಿಗೆ ಬಿಗಿದಿರುವುದರಿಂದ ತುಳಿದಾಗ ಅಚ್ಚೇ ತಿರುಗಲೆಳಸುವುದು. ಅದನ್ನು ತಡೆಯುವ ಮೂತಿಯುಳ್ಳ ವಾಷರುಗಳನ್ನು ಬಿಡಲೇಬಾರದು.

ತಂತಿಯ ಹೊಂದಿಕೆಯೂ ಅಲ್ಪವಿಷಯವಲ್ಲ. ನಾಟಿಂಗ್‌ಹ್ಯಾಮಿನ ಹಳೆಯ ‘ಎ ಡಬ್ಲ್ಯು’ವಿನಲ್ಲಿ ನಡುವಣ ಮತ್ತು ಮೇಲಿನ ಗಿಯರುಗಳ ನಡುವೆ ಯಾವುದೂ ಹಿಡಿಯದ ಒಂದು ಸ್ಥಾನವುಂಟು. ತಂತಿ ಸಡಿಲವಾಗಿ ಅಲ್ಲಿ ನಿಂತರೆ, ಎದ್ದುನಿಂತು ತುಳಿಯುವವನ ಕಾಲು ತಟ್ಟನೆ ಬರಿದೇ ಜಾರಿ ಅವನು ಬೀಳುವನು. ಆದುದರಿಂದ ಸನ್ನೆಯನ್ನು ನಡುವಣ ಗಿಯರಿಗಿಟ್ಟು, ಬಲಗಡೆಯ ನಟ್ಟಿನ ಕಿಂಡಿಯಲ್ಲಿ ನೋಡಿರಿ. ಸಣ್ಣ ಸರಪಣಿಗೆ ಸೇರಿದ ಕಡ್ಡಿಯ ಭುಜವು ಅಚ್ಚಿನ ತುದಿಗೆ ಸಮನಾಗಿರಬೇಕು. ಗಿಯರು ಬದಲಿಸುವಾಗ ಕ್ಷಣಕಾಲ ತುಳಿಯುವುದನ್ನು ನಿಲ್ಲಿಸಿರಿ. ಎಣ್ಣೆಯ ರಂಧ್ರವಿದ್ದರೆ ಆಗಾಗ್ಗೆ ಕೆಲವು ತೊಟ್ಟು ತೆಳುವಾದ ಎಣ್ಣೆಯನ್ನು ಬಿಡಿರಿ.

ಇದರಿಂದ ಗಾಲಿಯ ಭಾರ ಹೆಚ್ಚುವುದು. ಪಂಕ್ಚರಾದಾಗ ಬಿಚ್ಚುವ ಕೆಲಸವೂ ತುಸು ಹೆಚ್ಚುವುದು. ಆದರೆ ಗಿಯರುಗಳೆಲ್ಲ ಧೂಳು ಮಳೆಗಳಿಗೆ ಸಿಕ್ಕದೆ ಒಳಗೆ ಸುರಕ್ಷಿತವಾಗಿರುವುವು. ನಿಂತಲ್ಲಿಯೇ ಗಿಯರನ್ನು ಬದಲಿಸಬಹುದು. ಚೈನಿನ ಕವಚವನ್ನೂ ಉಳಿಸಿಕೊಳ್ಳಬಹುದು. ಚೌಕಟ್ಟು ಗಟ್ಟಿಯಾಗಿದ್ದು ಮೇಲಿನ ನಾಲ್ಕು ಪರೀಕ್ಷೆಗಳೂ ಗೆದ್ದರೆ, ನಮ್ಮ ಪತ್ರಲೇಖಕರು ಬೈಸಿಕಲ್ಲನ್ನು ಮಾರಬೇಕಾಗಿಲ್ಲ. ಚೌಕಟ್ಟೇ ಬಿರುಕುಬಿಟ್ಟಿದ್ದರೆ ಮನೆಯವರ ಮಾತನ್ನೇ ಕೇಳತಕ್ಕದ್ದು.