ಹೊಸತೊಡಕಿಗೆ ಒಲೆ ಕಾಯೋರು ಯಾರು?

ಸ್ಲೋ ಕುಕ್ಕರಲ್ಲಿ ಬೇಯಿಸಿದ ಹಂದಿ ಸಾರು ಸಾರೇ ಅಲ್ಲ, ಸೌದೆ ಒಲೆ ಮೇಲೆ ಕುದಿಯದ ಮಾಂಸಕ್ಕೆ ರುಚಿ ಎಲ್ಲಿಂದ ಬರಬೇಕು ಅಂತ ನಮ್ಮ ನೆಂಟರಲ್ಲಿ ಬಹಳ ಜನ ಹೇಳ್ತಾರೆ. ಹೇಳಲಿ. ಆದ್ರೆ ಹಂಗೆ ಹೇಳೋರಲ್ಲಿ ಮುಕ್ಕಾಲು ಪಾಲು ಜನ ಆ ಒಲೆ ಮುಂದೆ ಒಂದು ಗಳಿಗೆ ಕೂತೋರಲ್ಲ. ಜಗಲಿ ಮೇಲೆ ಇಸ್ಪೀಟು ಹಿಡ್ಕೊಂಡು ‘ಇನ್ನೂ ಆಗಿಲ್ವ?’ ಅಂತ ಕೂಗೋರು.

ಲೆಕ್ಕ ಹಾಕಿ ನೋಡಿ ಅಕ್ಕಂದಿರಾ. ಯುಗಾದಿ ಹಿಂದಿನ ದಿನ ಮನೆಯೆಲ್ಲ ತೊಳೆದದ್ದಾಯ್ತು. ಯುಗಾದಿ ದಿನ ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿ, ಹೋಳಿಗೆ ತಟ್ಟಿ ತಟ್ಟಿ ಸೊಂಟ ಹಿಡ್ಕೊಂಡದ್ದಾಯ್ತು. ಮಾರನೇ ದಿನವೇ ಹೊಸತೊಡಕು. ಬೆಳಗಾಗೆ ಮಾಂಸ ತಂದು ಅಡುಗೆಮನೇಲಿ ಇಳಿಸಿದ್ರೆ ಗಂಡಸರ ಕೆಲಸ ಮುಗೀತು. ತೊಳೆಯೋದು, ಮಸಾಲೆ ಹುರಿಯೋದು, ತಳ ಹಿಡೀದಂಗೆ ಕೈಯಾಡಿಸ್ತಾ ನಿಲ್ಲೋದು, ನಡುವೆ ಕಡುಬು ಕಟ್ಟೋದು ಎಲ್ಲ ನಮ್ಮದು. ನಮ್ಮ ಅತ್ತೆಮ್ಮ ಈ ಮನೆಗೆ ಬಂದು 46 ಹೊಸತೊಡಕು ಕಳೆದವು. ಒಂದರಲ್ಲೂ ಮೊದಲ ಪಂಕ್ತಿಗೆ ಕೂತು ಬಿಸಿ ಕಡುಬು ಮುರಿದದ್ದು ಅವರಿಗೆ ನೆನಪಿಲ್ಲ. ಈಗ ಮಂಡಿ ಮಡಿಚೋಕಾಗಲ್ಲ, ಆದ್ರೂ ‘ನಾನು ನಿಂತ್ರೇ ಸಾರು ಹದಕ್ಕೆ ಬರೋದು’ ಅಂತಾರೆ. ಆ ಮಾತನ್ನ ಹೊಗಳಿ ಹೊಗಳಿ ಅವರ ಬಾಯಿಗೆ ಕೂರಿಸಿದೋರು ಯಾರು ಅಂತ ನಂಗೊತ್ತು.

ಹದ ಬಂದಿದ್ದು ಅವರು ನಿಂತಿದ್ದಕ್ಕಲ್ಲ. ಸಣ್ಣ ಉರಿ, ದಪ್ಪ ತಳದ ಪಾತ್ರೆ, ಗಂಟೆಗಟ್ಟಲೆ ಹೊತ್ತು, ಇವುಗಳಿಂದ. ಹಂದಿಯ ಚರ್ಮ, ನರ, ಕೊಬ್ಬಿನ ಪದರ ಎಲ್ಲ ನಿಧಾನವಾದ ಶಾಖಕ್ಕೇ ಕರಗಿ ರಸಕ್ಕೆ ಅಂಟು ಕೊಡೋದು. ಸೀಟಿ ಕುಕ್ಕರಲ್ಲಿ ಐದಾರು ಕೂಗು ಕೂಗಿಸಿದ್ರೂ ಬೇಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಕೂಗು ಹೆಚ್ಚಾದ್ರೆ ತುಂಡು ಪುಡಿಪುಡಿ. ಸ್ಲೋ ಕುಕ್ಕರ್ ಮಾಡೋದು ಅಜ್ಜಿಯ ಮಡಕೆ ಮಾಡಿದ್ದನ್ನೇ. ಕಾಯೋ ಹೆಂಗಸು ಮಾತ್ರ ಬೇಡ.

ಅದು ಹುಟ್ಟಿದ್ದೂ ಹಂಗೇ. ಯೆಹೂದಿಗಳು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆ ತನಕ ಒಲೆ ಹಚ್ಚಂಗಿಲ್ಲ. ಅದಕ್ಕೆ ಕಾಳು ಮಾಂಸ ಹಾಕಿದ ಚೋಲೆಂಟಿನ ಗಡಿಗೆಯನ್ನ ಮೊದಲೇ ಬೇಕರಿ ಒಲೆಯ ಆರೋ ಶಾಖದಲ್ಲಿ ಇಟ್ಟು ಬರ್ತಿದ್ರು. ಲಿಥುವೇನಿಯಾದ ಅಜ್ಜಿಯ ಈ ಕಥೆ ಕೇಳಿ ಬೆಳೆದ ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಕರೆಂಟಿನ ಗಡಿಗೆ ಮಾಡಿ 1940ರಲ್ಲಿ ಪೇಟೆಂಟ್ ತಗೊಂಡ. 1971ರಲ್ಲಿ ರೈವಲ್ ಕಂಪನಿ ಅದನ್ನ ‘ಕ್ರಾಕ್-ಪಾಟ್’ ಅಂತ ಮಾರೋಕೆ ಶುರು ಮಾಡಿತು. (ಅವರ ಧರ್ಮದಲ್ಲಿ ಹಂದಿ ಮುಟ್ಟಂಗಿಲ್ಲ, ಅದು ಬೇರೆ ಮಾತು.) ಹಬ್ಬದ ದಿನ ಕೈಗೆ ಬಿಡುವು ಸಿಗಲಿ ಅಂತ ಹುಟ್ಟಿದ ಅಡುಗೆಯಿಂದ ಬಂದ ಪಾತ್ರೆಗೆ ‘ಸೋಮಾರಿ ಕುಕ್ಕರ್’ ಅಂತ ಹೆಸರಿಡೋಕೆ ನಮ್ಮ ಭಾವಂದಿರಿಗೆ ಎಲ್ಲಿಂದ ಬಾಯಿ ಬತ್ತದೋ!

ಯುಗಾದಿ ರಾತ್ರಿ ನಾವು ಮಾಂಸ ಮುಟ್ಟಲ್ಲ, ಹಂಗಾಗಿ ರಾತ್ರಿಯಿಡೀ ಬೇಯಿಸೋ ಮಾತಿಲ್ಲ. ಬೆಳಗ್ಗೆ ಆರೂವರೆಗೆ 2 ಕೇಜಿ ಹಂದಿ, ಚರ್ಮ ಕೊಬ್ಬು ಸಮೇತ, ಅರಿಶಿನ ಉಪ್ಪು ಸವರಿ ಹಾಕಿ. ಮೇಲೆ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಹೆಚ್ಚಿದ ನಾಲ್ಕು ಈರುಳ್ಳಿ. ನೀರು ಅರ್ಧ ಲೋಟ ಸಾಕು, ಮಾಂಸವೇ ನೀರು ಬಿಡುತ್ತೆ, ಅದು ಆವಿಯಾಗಿ ಹೋಗೋದೂ ಇಲ್ಲ. ಫ್ರಿಜ್ಜಲ್ಲಿ ಕಲ್ಲಾದ ಮಾಂಸ ಹಂಗೇ ಹಾಕ್ಬೇಡಿ, ಒಳಗಿನ ತನಕ ಬೇಗ ಬಿಸಿಯಾಗದೆ ಕೆಡೋ ಭಯ. ‘ಹೈ’ಗೆ ತಿರುಗಿಸಿ ಮುಚ್ಚಿ. ಹನ್ನೆರಡೂವರೆ ತನಕ ಮುಚ್ಚಳ ತೆಗೆದು ಇಣುಕಬೇಡಿ, ತೆಗೆದಷ್ಟೂ ತಡ. ಆಮೇಲೆ ಮೇಲಿನ ಎಣ್ಣೆ ಕೆನೆ ತೆಗೆದು ಬಾಂಡಲೆಗೆ ಸುರಿದು, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸಾಸಿವೆ ಕಪ್ಪಗೆ ಹುರಿದ ಪುಡಿ ಹಾಕಿ ಹದಿನೈದು ನಿಮಿಷ ಕುದಿಸಿ. ಇಳಿಸೋ ಮುಂಚೆ ಎರಡು ಚಮಚ ಕಾಚಂಪುಳಿ. ಇಲ್ಲದಿದ್ರೆ ನಿಂಬೆಹುಳಿ. ಒಲೆ ಮುಂದೆ ನಿಲ್ಲೋದು ಈ ಹದಿನೈದು ನಿಮಿಷ ಮಾತ್ರ. ಪುಡಿಯನ್ನ ಮೊದಲೇ ಹಾಕಿದ್ರೆ ಘಮ ಸಪ್ಪೆಯಾಗುತ್ತೆ, ಅದಕ್ಕೇ ಕೊನೆಗೆ.

ಕರೆಂಟಿನ ಬಿಲ್ಲು ತೋರಿಸಿ ಹೆದರಿಸೋರಿಗೂ ಉತ್ತರ ಇದೆ: ಇದು ಎಳೆಯೋದು 200-250 ವ್ಯಾಟ್, ಮಿಕ್ಸಿಯ ಅರ್ಧ. ಕರೆಂಟು ಹೋದ್ರೆ ತಕ್ಷಣ ಗ್ಯಾಸಿಗೆ ದಾಟಿಸಿ, ಬೆಚ್ಚಗೆ ಹಂಗೇ ಬಿಡಬೇಡಿ. ಅಮೆರಿಕದಲ್ಲಿರೋ ಮಗಳ ಕೈಲಿ ತರಿಸ್ಬೇಡಿ, ಅಲ್ಲಿಯದು 120 ವೋಲ್ಟು, ನಮ್ಮ 230ಕ್ಕೆ ಸುಟ್ಟು ಹೋದೀತು.

ಇನ್ನೊಂದು ಹುನ್ನಾರ ಗಮನಿಸಿ. ‘ಸಾರು ತಾನೇ ಬೇಯ್ತದಲ್ಲ, ಹಂಗಾದ್ರೆ ಚಕ್ಕುಲಿನೂ ಕರಿ, ನೀರು ದೋಸೆನೂ ಹುಯ್ಯಿ’ ಅಂತ ಬರ್ತಾರೆ. ಆ ಆರು ಗಂಟೆ ಅವರಿಗೆ ಬಿಟ್ಟುಕೊಡೋಕೆ ಅಲ್ಲ ಕಣ್ರೇ. ಮಲಗಿ, ತವರಿಗೆ ಫೋನ್ ಮಾಡಿ, ಬೇಕಾದ್ರೆ ನೀವೂ ಇಸ್ಪೀಟಿಗೆ ಕೂತು ಅವರ ದುಡ್ಡು ಗೆಲ್ಲಿ. ಊಟ ಆದ ಮೇಲೆ ಒಳಗಿನ ಪಿಂಗಾಣಿ ಪಾತ್ರೆ ಬಿಸಿ ಇರುವಾಗ ತಣ್ಣೀರು ಹುಯ್ದ್ರೆ ಸೀಳುತ್ತೆ, ಆರಿದ ಮೇಲೇ ತೊಳೀಬೇಕು ಅಂತ ಭಾವಂದಿರಿಗೆ ಹೇಳಿಕೊಡಿ.