ಹೆಸರಿಟ್ಟವರು ಯಾರು, ಕೇಳಿ ಬರೆದುಕೊಂಡವರು ಯಾರು?

ಪೋರ್ಚುಗೀಸರು ಸಿಲೋನ್ ದ್ವೀಪವನ್ನು ಕಂಡುಹಿಡಿದು ಅದಕ್ಕೆ ಆ ಹೆಸರನ್ನಿಟ್ಟರೆಂಬ ಮಾತು ಇಂದಿಗೂ ನಿರಾತಂಕವಾಗಿ ಚಲಾವಣೆಯಲ್ಲಿದೆ. ಈ ವಾಕ್ಯದ ಎರಡು ಕ್ರಿಯಾಪದಗಳೂ ಸತ್ಯಕ್ಕೆ ದೂರವಾದವು.

ಮೊದಲನೆಯದಾಗಿ, ಹೆಸರಿನ ವಿಚಾರ. ಅಲೆಕ್ಸಾಂಡರನ ನಾವಿಕ ಒನೆಸಿಕ್ರಿಟಸ್ ಈ ದ್ವೀಪವನ್ನು ‘ತಪ್ರೊಬೇನ್’ ಎಂದು ಕರೆದನು. ಅದು ‘ತಾಮ್ರಪರ್ಣಿ’ಯ, ಪಾಲಿಯ ‘ತಂಬಪಣ್ಣಿ’ಯ ಗ್ರೀಕ್ ಉಚ್ಚಾರಣೆಯೇ ಹೊರತು ಹೊಸ ನಾಮಕರಣವಲ್ಲ. ಅಶೋಕನ ಶಾಸನಗಳಲ್ಲಿಯೂ ‘ತಂಬಪಂಣಿ’ ಇದೆ. ‘ಸಿಲೋನ್’ ಎಂಬುದಾದರೂ ಸಿಂಹಳ, ಸೀಹಳ, ಅರಬರ ಸೀಲಾನ್, ಪೋರ್ಚುಗೀಸರ ಸೆಯ್ಲಾವ್ ಎಂಬ ಸರಣಿಯ ಕೊನೆಯ ಕೊಂಡಿ. ನಾವಿಕರು ಹೆಸರಿಡಲಿಲ್ಲ, ಬಂದರುಗಳಲ್ಲಿ ಕಿವಿಗೆ ಬಿದ್ದುದನ್ನು ಬರೆದುಕೊಂಡರು.

ಎರಡನೆಯದಾಗಿ, ಶೋಧದ ವಿಚಾರ. ದ್ವೀಪದ ಅಳತೆ ಐದು ಸಾವಿರ ಸ್ಟೇಡಿಯ ಎಂದ ಒನೆಸಿಕ್ರಿಟಸ್, ಅದು ಉದ್ದವೋ ಅಗಲವೋ ಎಂಬುದನ್ನೇ ಹೇಳಲಿಲ್ಲವೆಂದು ಸ್ಟ್ರಾಬೋ ದೂರುತ್ತಾನೆ. ಟಾಲೆಮಿ ಅದನ್ನು ಹಲವು ಪಟ್ಟು ಹಿಗ್ಗಿಸಿ ಸಮಭಾಜಕ ವೃತ್ತದಾಚೆಗೂ ಚಾಚಿದನು. 1540ರಲ್ಲಿ ಮುನ್‌ಸ್ಟರನ ನಕಾಶೆ ತಪ್ರೊಬೇನನ್ನೇ ಸುಮಾತ್ರವೆಂದಿತು. ಪೋರ್ಚುಗೀಸರು ದ್ವೀಪಕ್ಕೆ ಬಂದು ಮೂರು ದಶಕಗಳಾದ ಮೇಲೂ ಯುರೋಪಿನ ಪಂಡಿತರಿಗೆ ಇಂಥ ಭ್ರಮೆ ಹರಿದಿರಲಿಲ್ಲ!

ಅತ್ತ ದ್ವೀಪವು ಯಾರ ಶೋಧಕ್ಕೂ ಕಾದು ಕುಳಿತಿರಲಿಲ್ಲ. ಪಾಂಡುಕಾಭಯನು ಅನುರಾಧಪುರದಲ್ಲಿ ನಿಗಂಠರಿಗೆ, ಎಂದರೆ ಜೈನ ಮುನಿಗಳಿಗೆ, ವಸತಿ ಕಟ್ಟಿಸಿದನೆಂದು ಬೌದ್ಧರ ಮಹಾವಂಸವೇ ಹೇಳುತ್ತದೆ. ಅದೂ ಮಹಿಂದನ ಆಗಮನಕ್ಕೆ ಮೊದಲೇ. ಪೋರ್ಚುಗೀಸರಿಗಿಂತ ಸುಮಾರು ನೂರು ವರ್ಷ ಮುಂಚೆ ಚೀನಾದ ಝೆಂಗ್ ಹೆ ಅಲ್ಲಿಗೆ ತಂದ ಶಾಸನದಲ್ಲಿ ಚೀನೀ, ತಮಿಳು, ಪಾರಸಿ ಎಂಬ ಮೂರು ಭಾಷೆಗಳಿವೆ. ಅದರ ಕಾಲ 1409. ಮೂರು ಭಾಷೆಗಳ ಓದುಗರಿದ್ದ ತೀರವನ್ನು ‘ಕಂಡುಹಿಡಿಯುವುದು’ ಎಂದರೇನು?

ನಾವಿಕರ ಸಾಹಸವನ್ನು ಅಲ್ಲಗಳೆಯಬೇಕಿಲ್ಲ. ತೀರವನ್ನು ಸುತ್ತಿ, ಆಳವನ್ನಳೆದು, ಗೆರೆಯನ್ನು ತಿದ್ದುತ್ತ ಹೋದ ಅವರ ಶ್ರಮ ನಿಜವಾದದ್ದು. ಆಕ್ಷೇಪವಿರುವುದು ಅವರ ಬಗೆಗಲ್ಲ. ಅವರು ಕೇಳಿದ್ದನ್ನು ‘ಇಟ್ಟರು’ ಎಂದೂ, ತಲುಪಿದ್ದನ್ನು ‘ಕಂಡುಹಿಡಿದರು’ ಎಂದೂ ಬರೆಯುವ ಇಂದಿನ ಲೇಖಕರ ಬಗೆಗೆ. 1972ರಲ್ಲಿ ಆ ದೇಶ ‘ಸಿಲೋನ್’ ಎಂಬುದನ್ನು ಬಿಟ್ಟು ‘ಶ್ರೀಲಂಕಾ’ ಎಂಬ ಹೆಸರನ್ನು ಅಧಿಕೃತವಾಗಿ ತಾಳಿತು. ಅದರ ಇತಿಹಾಸವನ್ನು ಬರೆಯುವವರು ಕ್ರಿಯಾಪದಗಳನ್ನಾದರೂ ತಿದ್ದಿಕೊಳ್ಳಬೇಕು.